ಊರೆಲ್ಲ ಮಣ್ಣಿಗೆ ಹೋದ ದಿನ

ಆ ಗುಡ್ಡದೂರಿಗೆ ಯಾರೂ ಸುಮ್ಮನೆ ಹೋಗುವುದಿಲ್ಲ. ಹೋಗಿ ನೋಡಲು ಅಲ್ಲಿ ಏನಿದೆ, ಮಣ್ಣು? ಬ್ಯಾಡಗಿಯಿಂದ ಕದರಮಂಡಲಗಿ ಕಡೆಗೆ ಹೋಗುವ ಬಸ್ಸಿನಿಂದ ನಡುದಾರಿಯಲ್ಲೇ ಇಳಿದು, ಬೋಳು ಗುಡ್ಡವನ್ನು ಒಂದು ತಾಸು ಹತ್ತಿದರೆ ಮೂವತ್ತು ಮಣ್ಣಿನ ಮಾಳಿಗೆ ಮನೆಗಳು, ಒಂದು ಹನುಮಪ್ಪನ ಗುಡಿ, ಅಷ್ಟೇ. ಆದರೆ ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಅಲ್ಲಿದ್ದಳು. ಮಕ್ಕಳಿಲ್ಲದ ಅವಳು ನನ್ನನ್ನು ಏಳು ವರ್ಷ ತುಂಬುವವರೆಗೆ ಆ ಊರಲ್ಲೇ ಸಾಕಿದ್ದಳು.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನಾನು ಆ ಗುಡ್ಡ ಹತ್ತಿದ್ದು ಒಂದೇ ಕಾರಣಕ್ಕೆ. ಅವಳ ಕಾಲು ಹಿಡಿದು ತಪ್ಪಾಯಿತು ಅನ್ನಬೇಕಿತ್ತು.

ತಪ್ಪೂ ಅಂಥಿಂಥದ್ದಲ್ಲ. ಹಾವೇರಿಯಲ್ಲಿ ನಡೆದ ನನ್ನ ಮದುವೆಗೆ ಚಿಗವ್ವ ಒಡೆದ ಹಿಮ್ಮಡಿಯಲ್ಲಿ, ಎತ್ತಿ ಕಟ್ಟಿದ ಸೀರೆಯಲ್ಲೇ ಬಂದಿದ್ದಳು. ತಲೆಯ ಮೇಲೆ ಬುಟ್ಟಿ ತುಂಬ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಬೀಗರ ಪೈಕಿ ಒಬ್ಬಾಕೆ ಇವರು ಯಾರು ಎಂದು ಕೇಳಿದಾಗ ನಾನು, ಪೇಟೆಯ ಧಿಮಾಕಿನ ಮದುಮಗಳು, "ಊರಾಕಿ, ಕೆಲಸಕ್ಕ ಬಂದಾಳ" ಅಂದುಬಿಟ್ಟೆ. ಚಿಗವ್ವ ಎರಡು ಮಾರು ದೂರದಲ್ಲಿದ್ದಳು. ಅವಳಿಗೆ ಕೇಳಿಸಿತು. ಬುಟ್ಟಿ ಇಳಿಸಿ, ಅಕ್ಕಿಕಾಳು ಹಾಕಿ, ಉಣ್ಣದೆ ಊರಿಗೆ ಹೋದಳು. ಆಮೇಲೆ ನಾಲ್ಕು ವರ್ಷ ನಾನು ಅತ್ತ ಮುಖ ಹಾಕಲಿಲ್ಲ. ನಾಚಿಕೆಗೆ ಸತ್ತು ಸುಮ್ಮನಿದ್ದೆ. ಕೇಳಿದವರ ಮುಂದೆ ಮಾತ್ರ ಅವಳೇ ಬರಲಿ ಎಂದು ಸೆಟೆದುಕೊಳ್ಳುತ್ತಿದ್ದೆ.

ಬ್ಯಾಡಗಿ ಸಂತೆಗೆ ಬಂದ ಆ ಊರಿನವರು, ಚಿಗವ್ವನಿಗೆ ಆರಾಮಿಲ್ಲ, ನಿನ್ನನ್ನೇ ನೆನೆಸುತ್ತಾಳೆ ಎಂದು ಹೇಳಿ ಕಳಿಸಿದರು. ಆಗಲೂ ಇವತ್ತು ನಾಳೆ ಎಂದು ನಾಲ್ಕು ದಿನ ತಳ್ಳಿದೆ. ಹೊರಟ ದಿನ ಇಸ್ತ್ರಿ ಮಾಡಿದ ತಿಳಿಗುಲಾಬಿ ಸೀರೆ ಉಟ್ಟಿದ್ದೆ. ತಪ್ಪೊಪ್ಪಿಕೊಳ್ಳಲು ಹೋಗುವವಳಿಗೂ ಇಸ್ತ್ರಿ ಬೇಕಿತ್ತು, ನೋಡಿ.

ಊರು ಮುಟ್ಟಿದಾಗ ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಊರ ಮುಂದಿನ ಗುಡಿಯ ಕಟ್ಟೆಯ ಮೇಲೆ, ಕಾಲಿಲ್ಲದ ಒಬ್ಬ ಮುದುಕ ಕೂತಿದ್ದ. ನಾನು ಯಾರ ಪೈಕಿ ಎಂದು ಹೇಳಿದೆ.

"ಊರೆಲ್ಲ ಮಣ್ಣಿಗೆ ಹೋಗೇತವ್ವಾ. ನೀನೂ ಲಗೂ ಹೋಗು, ಮುಟ್ಟತಿ" ಎಂದು ಗುಡ್ಡದ ಹಿಂಬದಿಗೆ ಕೈ ತೋರಿಸಿದ.

ಮಳೆ ಹಿಡಿಯುವ ಮೊದಲು ಊರವರೆಲ್ಲ ಒಟ್ಟಾಗಿ ಹೋಗಿ ಮಾಳಿಗೆಗೆ ಹಾಕುವ ಮಣ್ಣು ಹೊತ್ತು ತರುವುದು ಅಲ್ಲಿಯ ರೂಢಿ. ಚಿಕ್ಕವಳಿದ್ದಾಗ ಚಿಗವ್ವನ ಹಿಂದೆ ನಾನೂ ಸಣ್ಣ ಬುಟ್ಟಿ ಹೊತ್ತು ಹೋದವಳೇ. ಚಿಗವ್ವನೂ ಅಲ್ಲೇ ಇದ್ದಾಳಾ ಎಂದು ಕೇಳಿದೆ. ಮುದುಕ ಕಣ್ಣೊರೆಸಿಕೊಂಡು ಹೂಂ ಅಂದ. ವಯಸ್ಸಾದವರ ಕಣ್ಣು, ಸದಾ ಜಿನುಗುತ್ತದೆ ಅಂದುಕೊಂಡೆ. ಮಣ್ಣು ಹೊರುವಷ್ಟು ಆರಾಮಾಗಿದ್ದಾಳೆ ಎಂದು ಜೀವ ಹಗುರಾಯಿತು. ಹಿಂದೆಯೇ, ಸುಳ್ಳು ಹೇಳಿ ಕರೆಸಿದಳಲ್ಲ ಎಂದು ಸಣ್ಣ ಸಿಟ್ಟೂ ಬಂತು.

"ನಾ ಒಲ್ಲೆ ಬಿಡ್ರಿ. ಸೀರಿ ಹೊಲಸಾಗ್ತೈತಿ" ಅಂದೆ.

ಮುದುಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮುಖ ತಿರುಗಿಸಿದ. ಇವನಿಗೆಷ್ಟು ಸೊಕ್ಕು ಎಂದು ನಾನು, ನಾನು ಅಂದುಕೊಂಡೆ. ಒಂದು ತಾಸು ನೆರಳಲ್ಲಿ ಕೂತು ಚಿಗವ್ವನ ಮುಂದೆ ಆಡಬೇಕಾದ ಮಾತು ಜೋಡಿಸಿದೆ.

ಜನ ಬಂದರು. ಯಾರ ತಲೆಯ ಮೇಲೂ ಬುಟ್ಟಿ ಇರಲಿಲ್ಲ. ಗಂಡಸರ ಹೆಗಲಲ್ಲಿ ಗುದ್ದಲಿ, ಸಲಿಕೆ. ಎಲ್ಲರೂ ತಲೆಯ ಮೇಲೆ ನೀರು ಸುರಿದುಕೊಂಡಿದ್ದರು. ನಡುವೆ ಚಿಗವ್ವನ ಗಂಡ, ನನ್ನ ಕಾಕಾ, ಇಬ್ಬರ ತೋಳಿನ ಆಸರೆಯಲ್ಲಿ ಬರುತ್ತಿದ್ದ. ಹೆಣ ಹೂಳಲು ಹೋಗುವುದಕ್ಕೂ ನಮ್ಮ ಕಡೆ ಮಣ್ಣಿಗೆ ಹೋಗುವುದು ಅಂತಲೇ ಅನ್ನುತ್ತಾರೆ. ಹುಟ್ಟಿದಾಗಿನಿಂದ ಕೇಳಿದ ಮಾತು. ನನ್ನ ತಲೆಗೆ ಏನು ಬಡಿದಿತ್ತೋ, ಆವತ್ತು ಹೊಳೆಯಲಿಲ್ಲ.

ಕಾಕಾ ನನ್ನೆದುರು ನಿಂತ. ಬೆಳಗ್ಗೆಯೇ ಹಾವೇರಿಗೆ ಆಳು ಕಳಿಸಿದ್ದರಂತೆ. ಅವನು ನನ್ನ ಬಾಗಿಲು ಬಡಿಯುವಾಗ ನಾನು ಬಸ್ಸಿನಲ್ಲಿದ್ದೆ.

"ನೀ ಬರ್ತಿ ಅಂತ ಕಡೀತನಕಾ ಆಕಿ ಮುಖಾ ಮುಚ್ಚದ ಕಾದ್ವಿ" ಅಂದ.

ಕಟ್ಟೆಯ ಮೇಲಿನ ಮುದುಕ ನಿಧಾನವಾಗಿ ಹೇಳಿದ, "ಬಂದು ಒಂದ್ ತಾಸಾತು. ನಾ ಹೋಗು ಅಂದೆ. ಸೀರಿ ಹೊಲಸಾಗ್ತೈತಿ, ಒಲ್ಲೆ ಅಂದ್ಲು."

ಮಾಳಿಗೆಯ ಮಣ್ಣು ಅಂದುಕೊಂಡೆ ಎಂದು ಹೇಳಲು ಬಾಯಿ ತೆರೆದೆ. ಜಡ್ಡಾದ ಚಿಗವ್ವ ಬಿಸಿಲಲ್ಲಿ ಮಣ್ಣು ಹೊರುತ್ತಿದ್ದಾಳೆ ಎಂದು ತಿಳಿದೂ ನೆರಳಲ್ಲಿ ಕೂತಿದ್ದೆ ಎಂದು ಹೇಳಬೇಕಿತ್ತೆ? ಅದು ಇದಕ್ಕಿಂತ ಯಾವ ರೀತಿಯಲ್ಲಿ ಒಳ್ಳೆಯದು?

"ಖರೇನ ಹಂಗಂದೀ?" ಕಾಕಾ ಕೇಳಿದ.

ಹೂಂ ಅಂದೆ.

ಬಸ್ಸು ತಪ್ಪೀತು, ಲಗೂ ಇಳಿ ಎಂದಷ್ಟೇ ಹೇಳಿ ಅವನು ಮನೆಯ ಕಡೆ ನಡೆದ. ಹೆಂಗಸರು ಒಬ್ಬೊಬ್ಬರಾಗಿ ನನ್ನನ್ನು ದಾಟಿ ಹೋದರು. ಅಳುವುದಕ್ಕೂ ಯಾರೂ ನನ್ನನ್ನು ಒಳಗೆ ಕರೆಯಲಿಲ್ಲ.