ವಿನಯದ ಮಣಿಕಟ್ಟು
ನಮ್ಮ ದೇಗು ಪೇಟೆಯಲ್ಲಿ ತಾಕ್ ಮನ್ಸಿಕ್ ಅವರಷ್ಟು ವಿನಯವಂತರು ಇನ್ನೊಬ್ಬರಿರಲಿಲ್ಲ. ಹಿರಿಯರಿಗೆ ಅಕ್ಕಿಹೆಂಡ ಬಗ್ಗಿಸುವಾಗ ಬಲಮಣಿಕಟ್ಟಿಗೆ ಎಡಗೈ ಆನಿಸುವುದು ನಮ್ಮಲ್ಲಿ ಮರ್ಯಾದೆ. ಇವರು ಮೊಮ್ಮಗನ ವಯಸ್ಸಿನವರಿಗೂ, ಮೀನಂಗಡಿಯ ಬೆಕ್ಕಿಗೆ ನೀರು ಹಾಕುವಾಗಲೂ ಹಾಗೇ ಹಿಡಿಯುತ್ತಿದ್ದರು. "ಅವರನ್ನ ನೋಡಿ ಕಲೀರೋ" ಎಂದು ಎಲ್ಲರೂ ತಮ್ಮ ಮಕ್ಕಳನ್ನು ತಿವಿಯುತ್ತಿದ್ದರು. ಅದು ಕೈನಡುಕ ಅಡಗಿಸುವ ಉಪಾಯವೆಂದು ಗೊತ್ತಿದ್ದದ್ದು ಹೆಂಡತಿ ಒಕ್‌ಬುನ್‌ಗೆ ಮಾತ್ರ; ಚೆಲ್ಲದಿರಲೆಂದು ಗಂಡನ ಲೋಟಕ್ಕೆ ಅರ್ಧವೇ ಬಾರ್ಲಿ ಚಹಾ ಹಾಕಿ, ಅವರಿಗೆ ನಾಚಿಕೆಯಾಗದಿರಲೆಂದು ತಾನೂ ಅರ್ಧವೇ ಹಾಕಿಕೊಳ್ಳುತ್ತಿದ್ದಳು. ಚಾಕು ಮುಟ್ಟಿಸದೆ, ಮಿದುಳಿನೊಳಗಿನ ಒಂದು ಚುಕ್ಕೆಗೆ ಕಿರಣ ಬಿಟ್ಟು ನಡುಕ ಇಳಿಸುವ ಚಿಕಿತ್ಸೆಯಿದೆ ಎಂದು ಡಾಕ್ಟರು ಹೇಳಿದಾಗ, "ನಡುಕ ಹೋದ್ರೆ ನನ್ನ ಒಳ್ಳೆ ಹೆಸರೂ ಹೋಗತ್ತಲ್ಲ" ಎಂದು ಯೋಚನೆಗೆ ಬಿದ್ದರು. "ಹೋದ್ರೆ ಹೋಗ್ಲಿ ಬನ್ನಿ" ಎಂದು ಹೆಂಡತಿಯೇ ಎಳೆದೊಯ್ದಳು. ಕಿರಣ ಬಿಟ್ಟು ಕೆಲವು ತಿಂಗಳಾದ ಮೇಲೆ, ನಿಧಾನವಾಗಿ, ಕೈ ನಿಂತಿತು. ಈಗ ಕಿರಿಯರಿಗೆಲ್ಲ ಒಂದೇ ಕೈಯಲ್ಲಿ ಬಗ್ಗಿಸುತ್ತಾರೆ. "ತಲೆಗೆ ಕಿರಣ ಬಿಡಿಸ್ಕೊಂಡ್ಮೇಲೆ ಕೊಬ್ಬು ಬಂದಿದೆ" ಎಂದು ಪೇಟೆ ಆಡಿಕೊಳ್ಳುತ್ತದೆ. ಮನೆಯಲ್ಲಿ ಮಾತ್ರ, ಹೆಂಡತಿಯ ಲೋಟಕ್ಕೆ ಅಂಚಿನವರೆಗೂ ಚಹಾ ತುಂಬಿಸುವಾಗ, ಎಡಗೈ ಇನ್ನೂ ಬಲಮಣಿಕಟ್ಟಿಗೆ ಹೋಗುತ್ತದೆ. "ಮತ್ತೆ ನಡುಗ್ತಾ ಇದೆಯೇನ್ರೀ?" ಎಂದು ಅವಳು ಗಾಬರಿಯಾದರೆ, "ಇಲ್ಲ ಕಣೆ, ಇದು ಮರ್ಯಾದೆ" ಅನ್ನುತ್ತಾರೆ.