ಬಾಸಿಂಗದ ಹಿಂದಿನ ಮುಖ

ಅವ್ವ ತೀರಿಕೊಂಡಾಗ ನನಗೆ ಎರಡು ವರ್ಷ. ಆಕೆಯ ಫೋಟೋ ಎಂದು ಉಳಿದಿರುವುದು ಒಂದೇ, ಮದುವೆಯದು. ಅದರಲ್ಲಿ ಹಣೆಗೆ ಕಟ್ಟಿದ ಬಾಸಿಂಗ, ಅದರಿಂದ ಇಳಿಬಿದ್ದ ಹೂವಿನ ಎಳೆಗಳು, ಸಾಲದ್ದಕ್ಕೆ ಹಿರಿಯರ ಮುಂದೆ ಮುಖ ಎತ್ತಬಾರದೆಂದು ಬಗ್ಗಿಸಿದ ಕತ್ತು. ಕಾಣುವುದು ಗದ್ದ ಮಾತ್ರ. ಸ್ವಲ್ಪ ತಲೆ ಎತ್ತವ್ವಾ ಎನ್ನಲು ಆ ಫೋಟೋದವನಿಗೆ ಏನು ಧಾಡಿಯಾಗಿತ್ತೋ!

ಚಿತ್ರ ಬರೆಯುವುದೇ ನನ್ನ ಉದ್ಯೋಗ. ಅವ್ವನ ಹಳೆಯ ಸೀರೆಯ ತುಂಡುಗಳನ್ನು ಹಚ್ಚಿ, ಮುಖವಿಲ್ಲದ ಹೆಂಗಸರನ್ನು ಬರೆದು ಎರಡು ಪ್ರದರ್ಶನ ಮಾಡಿದೆ. ಎಂಥ ನೆನಪು ಎಂದು ಜನ ಹೊಗಳಿದರು. ನೆನಪೂ ಇಲ್ಲ, ಮಣ್ಣೂ ಇಲ್ಲ. ಹಾಗೆಂದು ಹೇಳುವ ಧೈರ್ಯ ನನಗಿರಲಿಲ್ಲ. ಆಕೆಯ ಮುಖ ಕಂಡವರೆಲ್ಲ ಒಬ್ಬೊಬ್ಬರಾಗಿ ಹೋಗಿ ಅಪ್ಪನೊಬ್ಬ ಉಳಿದಿದ್ದ, ಅವನಿಗೂ ಎಂಬತ್ತು ದಾಟಿತ್ತು.

ಹೋದ ವರ್ಷ, ಸಿಂದಗಿಯ ನಮ್ಮ ಮನೆಯಲ್ಲಿ, ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಪೆನ್ಸಿಲ್ ಹಿಡಿದೆ. ಅವನು ಹೇಳುವುದು, ನಾನು ಬರೆಯುವುದು, ಅಳಿಸುವುದು. ಮೂಗು ಇನ್ನಷ್ಟು ಸಣ್ಣದು ಎನ್ನುತ್ತಿದ್ದ. ಮರುದಿನ, ಅಷ್ಟು ಸಣ್ಣದಲ್ಲ. ಹುಬ್ಬು ಹೇಗಿತ್ತೆಂದು ಕೇಳಿದರೆ, ನಾನೇನು ಅಳತೆ ಮಾಡಿ ಇಟ್ಟಿದ್ದೆನಾ ಎಂದು ಸಿಡುಕುತ್ತಿದ್ದ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ಒಂದು ದಿನ ಹಾಳೆ ಹರಿದು ಎದ್ದುಹೋದೆ. ಸಂಜೆಗೆ ತೆಪ್ಪಗೆ ಬಂದು ಮತ್ತೆ ಕೂತೆ.

ಹದಿನೈದನೆಯ ದಿನ ಅಪ್ಪ ಬಹಳ ಹೊತ್ತು ನೋಡಿದ.

“ಹೌದು, ಇಕಿನ,” ಎಂದ.

ಅತ್ತುಬಿಟ್ಟೆ. ಈ ವಯಸ್ಸಿಗಾದರೂ ನನಗೊಬ್ಬ ಅವ್ವ ಸಿಕ್ಕಳಲ್ಲಾ ಎನ್ನಿಸಿತು. ಕಟ್ಟು ಹಾಕಿಸಿ ಅಪ್ಪನ ಮಂಚದ ಎದುರಿಗೇ ತೂಗುಹಾಕಿದೆ.

ಎರಡು ತಿಂಗಳ ನಂತರ ಕೆಲಸದ ಮೇಲೆ ಪರ ಊರಿಗೆ ಹೋಗಿ ಬಂದು ನೋಡಿದರೆ, ಚಿತ್ರದ ಮುಖ ಗೋಡೆಗಿತ್ತು. ಅಪ್ಪನೇ ತಿರುಗಿಸಿದ್ದ. ನನಗೆ ಮೈ ಉರಿಯಿತು. ಹೋಲುವುದಿಲ್ಲವಾದರೆ ಅಂದೇ ಬಾಯಿಬಿಟ್ಟು ಹೇಳಬೇಕಿತ್ತು, ಹದಿನೈದು ದಿನ ಯಾಕೆ ಕುಣಿಸಿದೆ ಎಂದು ಜೋರು ಮಾಡಿದೆ. ಅಪ್ಪ ಮಂಚದ ಮೇಲೆ ಎದ್ದು ಕೂತ.

“ನಿಂದೇನ ತಪ್ಪಿಲ್ಲವ್ವಾ. ಮೊದಲ ಕಣ್ ಮುಚ್ಚಿದ್ರ ಆಕಿ ಬರ್ತಿದ್ಲು. ಈಗ ನೀ ಬರದಾಕಿನ ಬರ್ತಾಳ. ಖರೇ ಆಕಿ ಬರವಲ್ಲಳು.”

ಚಿತ್ರವನ್ನು ಇಳಿಸಿ ಟ್ರಂಕಿನ ತಳಕ್ಕೆ ಹಾಕಿದೆ. ಅದರಿಂದ ಏನಾದರೂ ಆಯಿತೋ ಇಲ್ಲವೋ ಗೊತ್ತಿಲ್ಲ. ಮಧ್ಯಾಹ್ನ ಉಂಡಾದ ಮೇಲೆ ಅಪ್ಪ ಈಗಲೂ ಕಣ್ಣು ಮುಚ್ಚಿಕೊಂಡು ಕೂರುತ್ತಾನೆ. ಬಂದಳಾ ಎಂದು ಕೇಳಲು ನನಗೆ ಬಾಯಿಲ್ಲ.