ತಲೆ ಹಳದಿಯಾದ ಇಲಿಗಳು

ಗಯಾಸ್‌ನ ಬಲಗೈಯ ಮೂರು ಬೆರಳುಗಳು ವರ್ಷವಿಡೀ ಹಳದಿ. ಮದುವೆ ಮನೆಗಳಲ್ಲಿ ಅವನನ್ನು ಬಾವರ್ಚಿ ಎಂದುಕೊಂಡು 'ಬಿರಿಯಾನಿ ಎಷ್ಟೊತ್ತಿಗೆ?' ಎಂದು ಕೇಳಿದವರೂ ಇದ್ದರು. ಅವನು ಹೆಬ್ಬಾಳದಾಚೆಯ ಒಂದು ಪ್ರಯೋಗಾಲಯದ ಇಲಿಮನೆಯಲ್ಲಿ ಅಟೆಂಡರ್. ಅಲ್ಲಿ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ತಯಾರಾಗುತ್ತಿತ್ತು.

ಪ್ರತಿ ಬ್ಯಾಚಿಗೂ ನಲವತ್ತು ಬಿಳಿ ಇಲಿ. ಅವಕ್ಕೆ ಲಸಿಕೆ ಕೊಟ್ಟು, ಆಮೇಲೆ ರೋಗದ ವಿಷವನ್ನೇ ಚುಚ್ಚುತ್ತಿದ್ದರು. ಹದಿನಾಲ್ಕು ದಿನ ಕಳೆದ ಮೇಲೆ ಮೂವತ್ತಾದರೂ ಬದುಕಿದ್ದರೆ ಲಸಿಕೆಗೆ ಕಸುವಿದೆ ಎಂದರ್ಥ. ಬೇರೆ ಇಲಿಗಳೊಂದಿಗೆ ಬೆರೆಯದಿರಲೆಂದು ಇವುಗಳ ತಲೆಗೆ ಪಿಕ್ರಿಕ್ ಆಸಿಡ್‌ನ ಹಳದಿ ಹಚ್ಚುವುದು ಗಯಾಸ್‌ನ ಕೆಲಸ. ಹತ್ತಿ ಸುತ್ತಿದ ಕಡ್ಡಿಯಿಂದ ಒಂದೇ ಏಟಿಗೆ ಕಿವಿಯಿಂದ ಕಿವಿಗೆ ಎಳೆಯುತ್ತಿದ್ದ. ಇಲಿಯ ಕಣ್ಣಿಗೆ ಹನಿ ಬಿದ್ದದ್ದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಇಲ್ಲ. ಆ ಹೆಮ್ಮೆ ಅವನಿಗೆ ಚೆನ್ನಾಗಿಯೇ ಇತ್ತು.

೧೯೭೯ರ ಬೇಸಿಗೆಯಲ್ಲಿ ನಲವತ್ತೇಳನೇ ಬ್ಯಾಚಿನ ಇಲಿಗಳು ಒಂದೊಂದಾಗಿ ಸಾಯತೊಡಗಿದವು. ಹದಿಮೂರನೇ ಬೆಳಿಗ್ಗೆ ಉಳಿದದ್ದು ಒಂಬತ್ತು. ಮಾರನೆಯ ದಿನ ಲೆಕ್ಕ ನೋಡಲು ಹೊರಗಿನ ಸಮಿತಿ ಬರುವುದಿತ್ತು.

ಡಾಕ್ಟರ್ ವೆಂಕಟರಾಮಯ್ಯ ಪಂಜರದ ಮುಂದೆ ಬಂದು ನಿಂತರು. ಲಸಿಕೆ ಅವರ ಜವಾಬ್ದಾರಿ. ಕೆಟ್ಟ ಮನುಷ್ಯರಲ್ಲ; ಗಯಾಸ್‌ನ ಮಗಳಿಗೆ ಟೈಫಾಯ್ಡ್ ಆದಾಗ ತಾವೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿದ್ದವರು.

"ಗಯಾಸ್, ಆಸ್ಪತ್ರೆಗಳಲ್ಲಿ ಸ್ಟಾಕ್ ಇಲ್ಲ. ಇನ್ನೊಂದು ಬ್ಯಾಚ್ ಮಾಡಕ್ಕೆ ಎರಡು ತಿಂಗಳು ಬೇಕು. ಅಷ್ಟರಲ್ಲಿ ಎಷ್ಟು ಜನ ಸಾಯ್ತಾರೆ ಗೊತ್ತಾ? ಏನೂ ಇಲ್ಲದ್ದಕ್ಕಿಂತ ಇದು ವಾಸಿ. ಒಂದಿಪ್ಪತ್ತೈದು ಹೊಸ ಇಲಿಗೆ ಬಣ್ಣ ಹಚ್ಚಿಬಿಡು."

ಗಯಾಸ್ ಹಚ್ಚಿದ. ಅಲ್ಲಿಗೇ ಬಿಟ್ಟಿದ್ದರೆ ಹೇಳಿದ ಕೆಲಸ ಮಾಡಿದೆ ಎನ್ನಬಹುದಿತ್ತು. ಆದರೆ ಹೊಸ ಹಳದಿ ಎದ್ದು ಕಾಣುತ್ತಿತ್ತು. ವಾರ ಕಳೆದರೆ ಅದು ಮಾಸಿ ಕಂದಾಗುತ್ತದೆ ಎಂದು ಗೊತ್ತಿದ್ದದ್ದು ಅವನೊಬ್ಬನಿಗೇ. ಕ್ಯಾಂಟೀನಿನಿಂದ ಒಂದು ಲೋಟ ಚಹಾ ಡಿಕಾಕ್ಷನ್ ತಂದು, ಇಪ್ಪತ್ತೈದು ತಲೆಗೂ ಹತ್ತಿಯಲ್ಲಿ ಸವರಿದ. ಯಾರೂ ಹೇಳಿರಲಿಲ್ಲ. ಡಾಕ್ಟರ ಮರ್ಯಾದೆ ಉಳಿಯಲಿ ಎಂಬ ಹುಚ್ಚು ಪ್ರೀತಿ, ಜೊತೆಗೆ ಕೈಚಳಕದ ಹಾಳು ಚಟ. ಸಮಿತಿಯವರು ಮೂವತ್ತನಾಲ್ಕು ಎಂದು ಎಣಿಸಿ, ಸಹಿ ಹಾಕಿ, ಕಾಫಿ ಕುಡಿದು ಹೋದರು. "ಭೇಷ್" ಎಂದು ಡಾಕ್ಟರು ಬೆನ್ನು ತಟ್ಟಿದಾಗ ಅವನಿಗೆ ಸಂತೋಷವೇ ಆಗಿತ್ತು. ಈ ಮಾತು ನೆನಪಾದಾಗಲೆಲ್ಲ ಮುಂದೆ ಅವನು ತಲೆ ಚಚ್ಚಿಕೊಂಡಿದ್ದಾನೆ.

ಎರಡು ತಿಂಗಳ ಮೇಲೆ, ಕೆಂಪಾಪುರದಲ್ಲಿ ಅವನ ಪಕ್ಕದ ಮನೆಯ ಚನ್ನಪ್ಪನ ಕೆನ್ನೆಗೆ ಬೀದಿನಾಯಿ ಬಾಯಿ ಹಾಕಿತು. ಗದಗಿನ ಕಡೆಯವನು, ಯಶವಂತಪುರದ ಕಾರ್ಖಾನೆಯಲ್ಲಿ ಫಿಟ್ಟರ್. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂದೊಡನೆ ಹೆದರಿ, ನಾಟಿ ಔಷಧಿಗೆ ಹೊರಟು ನಿಂತಿದ್ದ.

"ಲೇ, ನಾಟಿ ಔಷಧಿ ನಂಬ್ಕೊಂಡು ಸಾಯ್ತೀಯಾ? ನಡಿ, ನಮ್ಮ ಕೈಯಲ್ಲೇ ಆದ ಇಂಜೆಕ್ಷನ್ ಅದು" ಎಂದು ಗಯಾಸ್ ಅವನ ರಟ್ಟೆ ಹಿಡಿದು ಆಸ್ಪತ್ರೆಗೆ ಕರೆದೊಯ್ದ. ನಲವತ್ತೇಳನೇ ಬ್ಯಾಚಿನ ನೆನಪೇ ಬರಲಿಲ್ಲ. ಬಂದಿದ್ದರೂ, ಅದೆಲ್ಲ ಎಂದೋ ಖರ್ಚಾಗಿ ಹೋಗಿರುತ್ತದೆ, ದೂರದ ಊರುಗಳಲ್ಲಿ, ಮುಖ ಕಾಣದವರಿಗೆ ಎಂದುಕೊಳ್ಳುತ್ತಿದ್ದನೇನೋ!

ಹತ್ತನೇ ದಿನ ಆಸ್ಪತ್ರೆಯ ಬಾಗಿಲಲ್ಲಿ ಖಾಲಿ ರಟ್ಟಿನ ಡಬ್ಬವೊಂದು ಅವನ ಕಾಲಿಗೆ ತಗುಲಿತು. ಇಂಗ್ಲಿಷಿನಲ್ಲಿ ಅವನಿಗೆ ಓದಲು ಬರುತ್ತಿದ್ದದ್ದು ಅಂಕಿ ಮಾತ್ರ. ೪೭.

ಬಸ್ಸಿಗೂ ಕಾಯದೆ ಪ್ರಯೋಗಾಲಯಕ್ಕೆ ಓಡಿದ. ಡಾಕ್ಟರು ಆಮೇಲೆ ತಯಾರಾದ ಬ್ಯಾಚಿನ ಶೀಸೆಗಳನ್ನು ತೆಗೆದುಕೊಟ್ಟರು. ಆದರೆ ಕಾಲ ಮಿಂಚಿತ್ತು. ಮೂರನೇ ವಾರ ಚನ್ನಪ್ಪ ನೀರಿನ ಚೊಂಬು ಕಂಡರೆ ಕಿರುಚತೊಡಗಿದ. ಎರಡು ದಿನದಲ್ಲಿ ಹೋದ.

"ಒಳ್ಳೇ ಔಷಧಿ ಕೊಟ್ರೂ ಕೆಲವ್ರು ಉಳಿಯಲ್ಲ, ಗಯಾಸ್. ಈ ಬ್ಯಾಚಿಂದಾನೇ ಹೋದ ಅಂತ ಹೇಳಕ್ಕಾಗಲ್ಲ" ಎಂದರು ಡಾಕ್ಟರು.

"ಹೇಳಕ್ಕಾಗ್ಲಿ ಅಂತಾನೇ ಅಲ್ವಾ ಸಾರ್ ಇಲಿಗಳ್ನ ಸಾಯ್ಸೋದು?"

ಮಿಕ್ಕ ಡಬ್ಬಗಳನ್ನು ವಾಪಸ್ ತರಿಸಿ ಎಂದು ಅವನು ಮೂರು ಸಲ ಬೇಡಿಕೊಂಡ. "ನೋಡೋಣ" ಎಂದರು ಡಾಕ್ಟರು, ಮೂರು ಸಲವೂ.

ಹದಿಮೂರನೇ ದಿನದ ಕಾರ್ಯ ಮುಗಿದ ಮೇಲೆ ಗಯಾಸ್ ಚನ್ನಪ್ಪನ ಹೆಂಡತಿ ದಾನವ್ವನ ಹೊಸ್ತಿಲಲ್ಲಿ ಕುಳಿತು ಎಲ್ಲ ಹೇಳಿದ, ಚಹಾ ಸವರಿದ್ದನ್ನೂ. ಅವಳು ಮಣ್ಣು ತೂರುತ್ತಾಳೆ, ಶಾಪ ಹಾಕುತ್ತಾಳೆ ಎಂದು ಕಾದ. ಹಾಗಾದರೂ ಆಗಲಿ ಎಂದೇ ಬಂದಿದ್ದ.

ದಾನವ್ವ ಅವನ ಹಳದಿ ಬೆರಳುಗಳನ್ನು ನೋಡಿದಳು. ಆಮೇಲೆ ಕೇಳಿದಳು: "ಉಳದ ಡಬ್ಬಿ ಎಲ್ಲೆಲ್ಲಿ ಅದಾವೋ ಯಣ್ಣಾ?"

"ಗೊತ್ತಿಲ್ಲಮ್ಮ, ಊರೂರಿಗೆ ಹೋಗಿದಾವೆ" ಎಂದ ಗಯಾಸ್.

"ಮತ್ತ ಇಲ್ಲಿ ಯಾಕ ಕುಂತಿ?"

ಮಾರನೆಯ ಬೆಳಿಗ್ಗೆ ಅವನು ನಿರ್ದೇಶಕರ ಕೋಣೆಗೇ ನುಗ್ಗಿದ. ಡಾಕ್ಟರು ಹೇಳಿದ್ದನ್ನೂ ತಾನು ಮಾಡಿದ್ದನ್ನೂ ಒಂದಕ್ಷರ ಬಿಡದೆ ಒಪ್ಪಿಸಿದ. ಅದೇ ದಿನ ಊರೂರಿಗೆ ಟೆಲಿಗ್ರಾಂ ಹೋಯಿತು. ವಾರದಲ್ಲಿ ಅರ್ಧದಷ್ಟು ಡಬ್ಬಗಳು ಹಿಂದಿರುಗಿದವು. ಮಿಕ್ಕರ್ಧ ಯಾರ ಯಾರ ಹೊಟ್ಟೆ ಸೇರಿತ್ತೋ, ಅವರನ್ನು ಹುಡುಕುವ ಗೋಜಿಗೆ ಪ್ರಯೋಗಾಲಯದ ಓದಿದವರಲ್ಲಿ ಒಬ್ಬನೂ ಹೋಗಲಿಲ್ಲ.

ತಿಂಗಳ ಕೊನೆಗೆ ಗಯಾಸ್‌ನ ಕೈಗೊಂದು ಕಾಗದ ಬಂತು. ಗುಮಾಸ್ತರು ಕನ್ನಡ ಮಾಡಿ ಓದಿ ಹೇಳಿದರು: ಅಟೆಂಡರ್ ಗಯಾಸ್ ಹೊಸ ಇಲಿಗಳಿಗೆ ಬಣ್ಣ ಹಚ್ಚಿ, ಗುರುತು ಸಿಗದಂತೆ ಚಹಾ ಸವರಿ, ಸಮಿತಿಯನ್ನು ವಂಚಿಸಿದ್ದರಿಂದ ಕೆಲಸದಿಂದ ವಜಾ ಮಾಡಲಾಗಿದೆ.

"ಇನ್ನೊಂದ್ಸಲ ಓದಿ ಸಾರ್" ಎಂದ ಗಯಾಸ್.

ಅವರು ಓದಿದರು. ಅವನು ಕಿವಿಗೊಟ್ಟು ಕೇಳಿದ. ಬರೆದದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ವೆಂಕಟರಾಮಯ್ಯ ಎಂಬ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಪೆನ್ನು ತೆಗೆದುಕೊಂಡು, ತೋರಿಸಿದ ಜಾಗದಲ್ಲಿ ಸಹಿ ಹಾಕಿದ.